ಲವ್ ಲೆಟರ್‌ನಿಂದ ಪವರ್‌ಶೆಲ್‌ವರೆಗೆ: ದುರುದ್ದೇಶದ ಸ್ಕ್ರಿಪ್ಟ್‌ಗಳನ್ನು ಬಿಡಿಸಿ ಓದಿದ ಇತಿಹಾಸ

ಸ್ಕ್ರಿಪ್ಟ್ ಎಂದರೆ ಯಂತ್ರಭಾಷೆಗೆ ಪರಿವರ್ತನೆಯಾಗದೆ, ಬರೆದದ್ದು ಬರೆದ ಹಾಗೆಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿ ಸಾಲುಸಾಲಾಗಿ ಓದಿಸಿಕೊಂಡು ಕೆಲಸ ಮಾಡುವ ಪ್ರೋಗ್ರಾಂ. ಸಾಮಾನ್ಯ ವೈರಸ್‌ನ ಒಡಲಲ್ಲಿ ಏನಿದೆ ಎಂದು ತಿಳಿಯಲು ಯಂತ್ರದ ಆದೇಶಗಳನ್ನು ಒಂದೊಂದಾಗಿ ಬಿಚ್ಚಬೇಕು. ಸ್ಕ್ರಿಪ್ಟ್ ಹಾಗಲ್ಲ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅಪರಾಧಕ್ಕೆ ಬಳಸಿದ ಆಯುಧದ ಮೇಲೆಯೇ ಅದನ್ನು ಮಾಡಿದವನ ಕೈಬರಹ ಉಳಿದುಬಿಡುವ ಈ ಗುಣ ತನಿಖೆಗೆ ಒದಗಿದ ದೊಡ್ಡ ಅನುಕೂಲ. ಅಪರಾಧಿಗಳಿಗೂ ಇದು ಬೇಗ ಅರ್ಥವಾಯಿತು. 2000ದ ನಂತರ ಅವರು ಬರಹವನ್ನು ಗೋಜಲು ಮಾಡಿ, ಪದರದ ಮೇಲೆ ಪದರ ಸುತ್ತಿ ಕಳಿಸತೊಡಗಿದರು. ಆದರೆ ಎಷ್ಟು ಪದರ ಸುತ್ತಿದ್ದರೂ ಸ್ಕ್ರಿಪ್ಟ್ ಓಡಬೇಕಾದರೆ ಕೊನೆಯ ಗಳಿಗೆಯಲ್ಲಿ ತಾನೇ ಬಿಚ್ಚಿಕೊಳ್ಳಲೇಬೇಕು, ಏಕೆಂದರೆ ಅದನ್ನು ಓಡಿಸುವ ಯಂತ್ರಕ್ಕೂ ಅರ್ಥವಾಗುವುದು ಸ್ಪಷ್ಟ ಬರಹ ಮಾತ್ರ. ಆ ಗಳಿಗೆಯಲ್ಲಿ ಅಲ್ಲಿ ಹಾಜರಿರಲು ತನಿಖೆಗಾರರು ಕಲಿತ ಬಗೆಯೇ ಈ ವಿದ್ಯೆಯ ಇತಿಹಾಸ.

ಈ ಸಮಸ್ಯೆ ವ್ಯಾಪಕವಾಗಿ ಎದುರಾದದ್ದು 1995ರಲ್ಲಿ. ಆವರೆಗೆ ವೈರಸ್ ಬರುವುದು ಪ್ರೋಗ್ರಾಂಗಳಲ್ಲಿ ಮತ್ತು ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ, ಕಾಗದಪತ್ರಗಳಿಂದ ಅಪಾಯವಿಲ್ಲ ಎಂಬ ನಂಬಿಕೆ ಇತ್ತು. ಆ ವರ್ಷ ಕಾಣಿಸಿಕೊಂಡ 'ಕಾನ್ಸೆಪ್ಟ್' ಎಂಬ ವೈರಸ್ ಮೈಕ್ರೋಸಾಫ್ಟ್ ವರ್ಡ್ ಕಡತಗಳಲ್ಲಿ ಅಡಗಿತ್ತು. ಪದೇಪದೇ ಮಾಡುವ ಕೆಲಸಗಳನ್ನು ತಾನಾಗಿ ಮಾಡಿಸಿಕೊಳ್ಳಲೆಂದು ವರ್ಡ್‌ನಲ್ಲಿ ಮ್ಯಾಕ್ರೊ ಎಂಬ ಪುಟ್ಟ ಸ್ಕ್ರಿಪ್ಟ್‌ಗಳ ಸೌಲಭ್ಯವಿತ್ತು. ಕಡತ ತೆರೆದ ಕೂಡಲೇ ಓಡುವ 'ಆಟೋಓಪನ್' ಮ್ಯಾಕ್ರೊ ಅದರಲ್ಲೊಂದು. ಕಾನ್ಸೆಪ್ಟ್ ಈ ಬಾಗಿಲಿನಿಂದಲೇ ಒಳಬಂದು, ಮುಂದೆ ಉಳಿಸಿದ ಕಡತಗಳಿಗೆಲ್ಲ ಅಂಟಿಕೊಂಡಿತು. ವರ್ಡ್ ಇದ್ದರೆ ಸಾಕು, ಅದು ವಿಂಡೋಸ್ ಆದರೂ ಸರಿ, ಮ್ಯಾಕಿಂಟಾಷ್ ಆದರೂ ಸರಿ. ಮೈಕ್ರೋಸಾಫ್ಟ್ ಕಂಪನಿಯೇ ಹಂಚಿದ ಒಂದು ಸಿ.ಡಿ.ಯಲ್ಲೂ ಅದು ತಿಳಿಯದೆ ಸೇರಿಕೊಂಡು ಹೋಯಿತು. ಹಾನಿ ಮಾಡುವ ಭಾಗ ಇರಬೇಕಾದ ಜಾಗದಲ್ಲಿ ಬರೆದವನು ಒಂದೇ ಒಂದು ಟಿಪ್ಪಣಿ ಬಿಟ್ಟಿದ್ದ: ತನ್ನ ವಾದ ಸಾಬೀತಾಗಲು ಇಷ್ಟು ಸಾಕು ಎಂದು. ಓದಲು ಬರುವ ಯಾರಾದರೂ ಅದನ್ನು ಓದಬಹುದಿತ್ತು.

ನಾಲ್ಕು ವರ್ಷಗಳ ಮೇಲೆ, 1999ರ ಮಾರ್ಚ್ 26ರ ಶುಕ್ರವಾರ, ಯೂಸ್‌ನೆಟ್‌ನ ಒಂದು ಚರ್ಚಾಗುಂಪಿನಲ್ಲಿ 'ಲಿಸ್ಟ್' ಎಂಬ ವರ್ಡ್ ಕಡತ ಬಿತ್ತು. ಅಶ್ಲೀಲ ಜಾಲತಾಣಗಳ ಪಾಸ್‌ವರ್ಡ್‌ಗಳ ಪಟ್ಟಿ ಅದರಲ್ಲಿತ್ತು; ಜೊತೆಗೆ 'ಮೆಲಿಸ್ಸಾ' ಎಂಬ ಮ್ಯಾಕ್ರೊ. ಕಡತ ತೆರೆದವರ ಔಟ್‌ಲುಕ್ ವಿಳಾಸಪುಸ್ತಕದ ಮೊದಲ 50 ವಿಳಾಸಗಳಿಗೆ ಅದು ತನ್ನನ್ನೇ ಅಂಚೆ ಮಾಡಿಕೊಂಡಿತು. ಪರಿಚಿತರ ಹೆಸರಿನಲ್ಲಿ ಬಂದ, ನೀವು ಕೇಳಿದ್ದ ದಾಖಲೆ ಇದು ಎನ್ನುವ ಪತ್ರವನ್ನು ಜನ ನಂಬಿದರು. ವಾರಾಂತ್ಯದ ಹೊತ್ತಿಗೆ ಹಲವು ದೊಡ್ಡ ಸಂಸ್ಥೆಗಳು ಇಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು.

ಮೆಲಿಸ್ಸಾದ ಬರಹ ಪೂರ್ತಿ ತೆರೆದೇ ಇತ್ತು. ವರ್ಡ್‌ನ ಮ್ಯಾಕ್ರೊ ಎಚ್ಚರಿಕೆಯನ್ನು ತಗ್ಗಿಸುವ ಸಾಲು, ಒಮ್ಮೆ ಅಂಚೆ ಕಳಿಸಿದ ಮೇಲೆ ಮತ್ತೆ ಕಳಿಸದಿರಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಗುರುತು ಹಾಕುವ ಸಾಲು, 'ಕ್ವಿಜಿಬೊ' ಎಂಬ ಅಡ್ಡಹೆಸರು, ತಾರೀಖಿನ ಸಂಖ್ಯೆಯೂ ಗಡಿಯಾರದ ನಿಮಿಷವೂ ಒಂದೇ ಆದಾಗ 'ದಿ ಸಿಂಪ್ಸನ್ಸ್' ಟಿ.ವಿ. ಧಾರಾವಾಹಿಯ ಒಂದು ಮಾತನ್ನು ಕಡತದೊಳಗೆ ತುರುಕುವ ಸಾಲು, ಎಲ್ಲವೂ ಕಾಣುತ್ತಿದ್ದವು. ಆ ರಿಜಿಸ್ಟ್ರಿ ಗುರುತು ತನಿಖೆಗೆ ವಿಶೇಷವಾಗಿ ಉಪಯೋಗಕ್ಕೆ ಬರುವಂಥದ್ದು. ಯಾವ ಕಂಪ್ಯೂಟರ್ ಬರೀ ಪತ್ರ ಪಡೆದಿದೆ, ಯಾವುದರಲ್ಲಿ ಮ್ಯಾಕ್ರೊ ನಿಜವಾಗಿ ಓಡಿದೆ ಎಂಬ ವ್ಯತ್ಯಾಸವನ್ನು ಅದು ಹೇಳಿಕೊಡುತ್ತಿತ್ತು.

ಬರೆದವನು ಯಾರು ಎಂಬ ಪ್ರಶ್ನೆಗೆ ಬೇರೊಂದು ಕಡೆಯಿಂದ ಸುಳಿವು ಬಂತು. ಆ ಕಾಲದ ಆಫೀಸ್ ತಂತ್ರಾಂಶ ತಾನು ಸೃಷ್ಟಿಸಿದ ಪ್ರತಿ ಕಡತದೊಳಗೂ ಒಂದು ವಿಶಿಷ್ಟ ಗುರುತುಸಂಖ್ಯೆಯನ್ನು ಹುದುಗಿಸುತ್ತಿತ್ತು, ಮತ್ತು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್‌ನ ಸಂಖ್ಯೆ ಅದರಲ್ಲಿ ಸೇರಿರುತ್ತಿತ್ತು. ಅಮೆರಿಕದ ರಿಚರ್ಡ್ ಎಂ. ಸ್ಮಿತ್ ಎಂಬ ತಂತ್ರಜ್ಞರು ಇದು ಬಳಕೆದಾರರ ಖಾಸಗಿತನಕ್ಕೆ ಧಕ್ಕೆ ಎಂದು ಅದೇ ತಿಂಗಳ ಆರಂಭದಲ್ಲಿ ಸಾರ್ವಜನಿಕವಾಗಿ ಆಕ್ಷೇಪಿಸಿದ್ದರು. ಕೆಲವೇ ವಾರಗಳಲ್ಲಿ ಅದೇ ಸಂಖ್ಯೆಯನ್ನು ಹಿಡಿದು ಅವರು ಮೆಲಿಸ್ಸಾದ ಮೂಲ ಹುಡುಕಲು ಹೊರಟರು. ಸ್ವೀಡನ್ನಿನ ಫ್ರೆಡ್ರಿಕ್ ಬ್ಯೋರ್ಕ್ ಅವರ ಸೂಚನೆಯ ಮೇರೆಗೆ ಒಬ್ಬ ವೈರಸ್ ಬರಹಗಾರನ ಜಾಲತಾಣದ ಕಡತಗಳೊಂದಿಗೆ ಹೋಲಿಸಿದಾಗ ಸಂಖ್ಯೆಗಳು ತಾಳೆಯಾದವು. ಆದರೆ ಈ ಬಗೆಯ ಸಾಕ್ಷ್ಯಕ್ಕೆ ಒಂದು ಮಿತಿ ಇದೆ, ಅದನ್ನು ಒತ್ತಿ ಹೇಳಬೇಕು. ಒಬ್ಬನ ಕಡತವನ್ನು ಇನ್ನೊಬ್ಬ ತೆಗೆದುಕೊಂಡು ತಿದ್ದಿದರೆ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಅದು ತೋರಿಸುವುದು ಕಡತ ಹುಟ್ಟಿದ ಕಂಪ್ಯೂಟರನ್ನು, ಅಪರಾಧಿಯನ್ನಲ್ಲ. ನ್ಯೂಜೆರ್ಸಿಯ ಪೊಲೀಸರನ್ನು ಆರೋಪಿಯ ಮನೆಬಾಗಿಲಿಗೆ ಕರೆದೊಯ್ದದ್ದು ಎಒಎಲ್ ಕಂಪನಿಯ ಸಂಪರ್ಕ ದಾಖಲೆಗಳು. ಕದ್ದ ಎಒಎಲ್ ಖಾತೆಯೊಂದರಿಂದ ಕಡತ ಏರಿಸಿದ ಹೊತ್ತಿಗೆ ಬಳಕೆಯಾಗಿದ್ದ ದೂರವಾಣಿ ಸಂಪರ್ಕವನ್ನು ಅವು ತೋರಿಸಿದವು. ಏಪ್ರಿಲ್ 1ರಂದು ಡೇವಿಡ್ ಎಲ್. ಸ್ಮಿತ್ ಬಂಧನವಾಯಿತು. ಆತ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡ. 2002ರಲ್ಲಿ 20 ತಿಂಗಳ ಸೆರೆವಾಸ ಮತ್ತು 5,000 ಡಾಲರ್ ದಂಡದ ಶಿಕ್ಷೆಯಾಯಿತು.

ಮೆಲಿಸ್ಸಾದ ಬಿಸಿ ಆರುವ ಮೊದಲೇ, 2000ದ ಮೇ 4ರ ಗುರುವಾರ, 'ಐ ಲವ್ ಯು' ಎಂಬ ಶಿರೋನಾಮೆಯ ಪತ್ರಗಳು ಏಷ್ಯಾದಿಂದ ಹೊರಟು ಬೆಳಕು ಹರಿದ ಕಡೆಯೆಲ್ಲ ಕಚೇರಿಗಳನ್ನು ಹೊಕ್ಕವು. ಲಗತ್ತಿನ ಹೆಸರು 'ಲವ್ ಲೆಟರ್ ಫಾರ್ ಯು ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್'. ವಿಂಡೋಸ್ ತನಗೆ ಗೊತ್ತಿರುವ ಕಡತಬಗೆಗಳ ಕೊನೆಯ ಅಕ್ಷರಗಳನ್ನು ತೋರಿಸದೆ ಮರೆಮಾಡುತ್ತಿತ್ತು. ಹಾಗಾಗಿ ನಿಜವಾದ 'ವಿಬಿಎಸ್' ಕಾಣದೆ ಹೋಗಿ, ಹಿಂದಿನ 'ಟಿಎಕ್ಸ್‌ಟಿ' ಮಾತ್ರ ಉಳಿದು, ಕಡತ ಮಾಮೂಲಿ ಪತ್ರದಂತೆ ಕಂಡಿತು. ಕ್ಲಿಕ್ ಮಾಡಿದರೆ ವಿಂಡೋಸ್ ಸ್ಕ್ರಿಪ್ಟಿಂಗ್ ಹೋಸ್ಟ್ ಅದನ್ನು ಓಡಿಸುತ್ತಿತ್ತು. ಬಹುತೇಕ ಬಳಕೆದಾರರಿಗೆ ಅಂಥದ್ದೊಂದು ಸೌಲಭ್ಯ ತಮ್ಮ ಕಂಪ್ಯೂಟರಿನಲ್ಲಿದೆ ಎಂಬುದೇ ತಿಳಿದಿರಲಿಲ್ಲ.

ವಿಬಿಸ್ಕ್ರಿಪ್ಟ್‌ನಲ್ಲಿ ಬರೆದ ಈ ಪ್ರೋಗ್ರಾಂ ಮೊದಲು ತನ್ನ ಮೂರು ಪ್ರತಿಗಳನ್ನು ವಿಂಡೋಸ್‌ನ ಫೋಲ್ಡರ್‌ಗಳಲ್ಲಿ ಇಡುತ್ತಿತ್ತು. ಅವುಗಳಲ್ಲಿ ಎರಡಕ್ಕೆ 'ಎಂಎಸ್ ಕರ್ನಲ್ 32', 'ವಿನ್ 32 ಡಿಎಲ್ಎಲ್' ಎಂದು ವ್ಯವಸ್ಥೆಯ ಕಡತಗಳನ್ನೇ ಹೋಲುವ ಹೆಸರು. ಕಂಪ್ಯೂಟರ್ ಮತ್ತೆ ಶುರುವಾದಾಗಲೆಲ್ಲ ತಾನೂ ಶುರುವಾಗುವಂತೆ ರಿಜಿಸ್ಟ್ರಿಯ 'ರನ್' ಕೀಲಿಗಳಲ್ಲಿ ನಮೂದು ಮಾಡುತ್ತಿತ್ತು. ಆಮೇಲೆ ವಿಳಾಸಪುಸ್ತಕದ ಸರದಿ. ಮೆಲಿಸ್ಸಾದ ಹಾಗೆ 50ಕ್ಕೆ ನಿಲ್ಲದೆ ಇದ್ದಬದ್ದ ಎಲ್ಲ ವಿಳಾಸಗಳಿಗೂ ಹೋಗುತ್ತಿತ್ತು. ಕೊನೆಗೆ ಡಿಸ್ಕ್‌ನಲ್ಲಿದ್ದ ಜೆಪೆಗ್ ಚಿತ್ರಗಳ ಮೇಲೆ ತನ್ನ ಬರಹವನ್ನೇ ಬರೆದು ಅವುಗಳನ್ನು ನಾಶ ಮಾಡುತ್ತಿತ್ತು. ಎಂಪಿ3 ಹಾಡುಗಳನ್ನು ಮಾತ್ರ ಅಳಿಸದೆ ಮರೆಮಾಡಿ, ಅದೇ ಹೆಸರಿನ ಸ್ಕ್ರಿಪ್ಟ್ ಕಡತವನ್ನು ಪಕ್ಕದಲ್ಲಿ ಇಡುತ್ತಿತ್ತು. ಹಾಡುಗಳು ಎಲ್ಲೂ ಹೋಗಿಲ್ಲ ಎಂಬುದು ಸ್ಕ್ರಿಪ್ಟನ್ನು ಓದಿದವರಿಗೆ ಗೊತ್ತಾಯಿತು; ಓದದೆ ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದವರು ಉಳಿದಿದ್ದನ್ನೂ ಕಳೆದುಕೊಂಡರು. ಮೊದಲು ಓದು, ಆಮೇಲೆ ಕೈಹಾಕು ಎಂಬ ಪ್ರಯೋಗಾಲಯದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಾರದು.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಇಮೇಲ್ ನಿಲ್ಲಿಸಿತು. ಅಮೆರಿಕದ ರಕ್ಷಣಾ ಇಲಾಖೆಗೂ ಬಿಸಿ ತಟ್ಟಿತು. ಸೋಂಕು ತಗುಲಿದ ಕಂಪ್ಯೂಟರುಗಳು ಕೋಟಿಗಳ ಲೆಕ್ಕದಲ್ಲಿದ್ದವು ಎಂಬುದು ಆಗಿನ ಅಂದಾಜು. ಆದರೆ ಅದೇ ದಿನ ವೈರಸ್ ವಿರೋಧಿ ಕಂಪನಿಗಳ ವಿಶ್ಲೇಷಕರು ಪೂರ್ತಿ ಬರಹವನ್ನು ಮುಂದಿಟ್ಟುಕೊಂಡು ಓದುತ್ತಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಆರಂಭ ಪುಟವನ್ನು ಬದಲಿಸಿ, ನಾಲ್ಕು ವಿಳಾಸಗಳಲ್ಲಿ ಯಾವುದಾದರೂ ಒಂದರಿಂದ 'ವಿನ್ ಬಗ್ಸ್‌ಫಿಕ್ಸ್' ಎಂಬ ಪ್ರೋಗ್ರಾಂ ಇಳಿಸಿಕೊಳ್ಳುವ ಸಾಲುಗಳು ಅವರ ಕಣ್ಣಿಗೆ ಬಿದ್ದವು. ಆ ನಾಲ್ಕೂ ವಿಳಾಸಗಳು ಫಿಲಿಪ್ಪೀನ್ಸ್‌ನ ಸ್ಕೈ ಇಂಟರ್ನೆಟ್ ಎಂಬ ಸೇವಾ ಕಂಪನಿಯವು. ಪುಟಗಳನ್ನು ತೆಗೆದುಹಾಕಿದೊಡನೆ ಪಾಸ್‌ವರ್ಡ್ ಕದಿಯುವ ಆ ಎರಡನೆಯ ಹಂತ ನಿಂತುಹೋಯಿತು. ಹುಳು, ಅಂದರೆ ತಾನಾಗಿ ಹರಡುವ ಈ ಪ್ರೋಗ್ರಾಂ, ಹರಡುವುದು ನಿಲ್ಲಲಿಲ್ಲ, ಆದರೆ ಅದರ ಮುಖ್ಯ ಉದ್ದೇಶಕ್ಕೆ ಪೆಟ್ಟು ಬಿತ್ತು.

ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಅದನ್ನು ಬರೆದವನ ಗುರುತೂ ಇತ್ತು. 'ಬಾರೊಕ್' ಎಂಬ ಹೆಸರು, ಶಾಲೆಗೆ ಹೋಗುವುದು ಇಷ್ಟವಿಲ್ಲ ಎಂಬ ಗೊಣಗಾಟ, 'ಸ್ಪೈಡರ್' ಎಂಬ ಅಡ್ಡಹೆಸರು, 'ಗ್ರ್ಯಾಮರ್‌ಸಾಫ್ಟ್ ಗ್ರೂಪ್' ಎಂಬ ಬಳಗದ ಹೆಸರು, ಮನಿಲಾ ಎಂಬ ಊರು. ಇಳಿಸಿಕೊಳ್ಳುವ ಪಾಸ್‌ವರ್ಡ್ ಕಳ್ಳನ ಒಳಗೂ ಬಾರೊಕ್, ಸ್ಪೈಡರ್ ಎಂಬ ಅವೇ ಹೆಸರುಗಳಿದ್ದವು. ಎರಡೂ ಒಂದೇ ಕೈಯವು ಎನ್ನಲು ಇದು ಬಲವಾದ ಆಧಾರ. ಇಂಥ ಟಿಪ್ಪಣಿಗಳನ್ನು ಬೇರೆಯವರ ಮೇಲೆ ಅನುಮಾನ ಬರಲೆಂದೇ ಹಾಕಿರಬಹುದಾದ್ದರಿಂದ ಹೊರಗಿನ ದಾಖಲೆಗಳ ಬೆಂಬಲ ಬೇಕಾಗುತ್ತದೆ. ಇಲ್ಲಿಯೂ ದೂರವಾಣಿ ದಾಖಲೆಗಳು ಆ ಬೆಂಬಲ ಕೊಟ್ಟವು. ಮೇ 8ರಂದು ಫಿಲಿಪ್ಪೀನ್ಸ್‌ನ ರಾಷ್ಟ್ರೀಯ ತನಿಖಾ ದಳ ಮನಿಲಾದ ಪಂಡಕನ್ ಪ್ರದೇಶದ ಮನೆಯೊಂದನ್ನು ಶೋಧಿಸಿ ರಿಯೊನೆಲ್ ರಾಮೊನೆಸ್ ಎಂಬಾತನನ್ನು ವಶಕ್ಕೆ ಪಡೆಯಿತು. ಸಾಕ್ಷ್ಯ ಸಾಲದೆ ಬಿಡುಗಡೆ ಮಾಡಿತು. ಅನುಮಾನ ಎಎಂಎ ಕಂಪ್ಯೂಟರ್ ಕಾಲೇಜಿನ ವಿದ್ಯಾರ್ಥಿ ಒನೆಲ್ ದೆ ಗುಜ್ಮನ್ ಕಡೆಗೆ ತಿರುಗಿತು. ಬೇರೆಯವರ ಪಾಸ್‌ವರ್ಡ್ ಪಡೆದು ಅಂತರ್ಜಾಲ ಬಳಸುವ ಪ್ರೋಗ್ರಾಂ ಮಾಡುವೆನೆಂದು ಆತ ಕಾಲೇಜಿಗೆ ಪ್ರಬಂಧದ ಪ್ರಸ್ತಾವ ಕೊಟ್ಟಿದ್ದ. ಕಾಲೇಜು ಅದನ್ನು ತಿರಸ್ಕರಿಸಿತ್ತು. ಆ ಪ್ರಸ್ತಾವಕ್ಕೂ ಲವ್ ಲೆಟರ್‌ನ ಎರಡನೆಯ ಹಂತಕ್ಕೂ ಹೋಲಿಕೆ ಎದ್ದು ಕಾಣುತ್ತಿತ್ತು. ಮೇ 11ರ ಪತ್ರಿಕಾಗೋಷ್ಠಿಯಲ್ಲಿ ಆತ ಹೇಳಿದ್ದು, ಅರಿವಿಲ್ಲದೆ ಬಿಡುಗಡೆಯಾಗಿರಬಹುದು ಎಂದಷ್ಟೆ.

ಸಾಕ್ಷ್ಯ ಓದಲು ಸಿಕ್ಕಿದ್ದರೂ ಮೊಕದ್ದಮೆ ನಿಲ್ಲಲಿಲ್ಲ. ಕುತಂತ್ರಾಂಶ ಬರೆದು ಹರಡುವುದು ಅಪರಾಧ ಎನ್ನುವ ಕಾನೂನು ಆಗ ಫಿಲಿಪ್ಪೀನ್ಸ್‌ನಲ್ಲಿ ಇರಲಿಲ್ಲ. ಕ್ರೆಡಿಟ್ ಕಾರ್ಡ್ ವಂಚನೆಗೆಂದು ಮಾಡಿದ್ದ ಕಾಯ್ದೆಯಡಿ ಹೂಡಿದ ಆರೋಪಗಳನ್ನು ಆಗಸ್ಟ್‌ನಲ್ಲಿ ಕೈಬಿಡಲಾಯಿತು. ಜೂನ್‌ನಲ್ಲಿ ಬಂದ ಹೊಸ ವಿದ್ಯುನ್ಮಾನ ವಾಣಿಜ್ಯ ಕಾಯ್ದೆ ಹಿಂದಿನ ಕೃತ್ಯಕ್ಕೆ ಅನ್ವಯಿಸುವಂತಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ದೆ ಗುಜ್ಮನ್, ಬ್ರಿಟಿಷ್ ಪತ್ರಕರ್ತ ಜೆಫ್ ವೈಟ್ ಅವರೆದುರು ಲವ್ ಲೆಟರ್ ಬರೆದವನು ತಾನೇ ಎಂದು ಒಪ್ಪಿಕೊಂಡ. ಮೊದಲ ಪ್ರತಿಯನ್ನು ಕಳಿಸಿದ್ದು ಸಿಂಗಪುರದಲ್ಲಿದ್ದ ಒಬ್ಬರಿಗೆ ಎಂದೂ ಹೇಳಿದ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಲವ್ ಲೆಟರ್ ಬಂದ ಬೇಸಿಗೆಯದೇ: 2000ದ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು ಅಕ್ಟೋಬರ್ 17ರಿಂದ ಜಾರಿಗೆ ಬಂತು. ಅದರ 43ನೆಯ ಕಲಮು ಕಂಪ್ಯೂಟರಿಗೆ ವೈರಸ್ ಸೇರಿಸುವುದನ್ನು ಹೆಸರಿಟ್ಟು ಹೇಳುತ್ತದೆ. ಮರುವರ್ಷ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ಆರಂಭವಾಯಿತು. ದೇಶದಲ್ಲಿ ಅಂಥ ಠಾಣೆ ಅದೇ ಮೊದಲು.

ಲವ್ ಲೆಟರ್ ಹೋದಲ್ಲೆಲ್ಲ ತನ್ನ ಮೂಲಬರಹವನ್ನೂ ಒಯ್ದಿತ್ತು. ಅದನ್ನು ಪಡೆದ ಯಾರು ಬೇಕಾದರೂ ಶಿರೋನಾಮೆ ಬದಲಿಸಿ, ನಾಲ್ಕು ಸಾಲು ತಿದ್ದಿ ಮತ್ತೆ ಬಿಡಬಹುದಿತ್ತು. ದಿನಗಳೊಳಗೆ ಡಜನ್‌ಗಟ್ಟಲೆ ರೂಪಾಂತರಗಳು ಬಂದವು. ಪತ್ತೆ ತಂತ್ರಾಂಶಗಳು ಆಗ ನೆಚ್ಚಿಕೊಂಡಿದ್ದದ್ದು ನಿರ್ದಿಷ್ಟ ಸಾಲುಗಳ ಹೋಲಿಕೆಯನ್ನು. ಸಾಲು ಬದಲಾದರೆ ಹೋಲಿಕೆ ತಪ್ಪುತ್ತದೆ. ಬರಹವನ್ನು ಪೂರ್ತಿ ಗುರುತು ಸಿಗದಂತೆ ಮಾಡಿದರೆ ಹೇಗೆ ಎಂಬ ಯೋಚನೆ ಬರಲು ತಡವಾಗಲಿಲ್ಲ.

2001ರ ಫೆಬ್ರುವರಿಯಲ್ಲಿ ಟೆನಿಸ್ ಆಟಗಾರ್ತಿ ಅನ್ನಾ ಕುರ್ನಿಕೋವಾ ಅವರ ಚಿತ್ರವೆಂದು ಹೇಳಿಕೊಂಡು ಒಂದು ಹುಳು ಬಂತು. ಕಳಿಸಿದ ಡಚ್ ಯುವಕ ಯಾನ್ ದೆ ವಿಟ್‌ಗೆ ಅಂಥದ್ದನ್ನು ಸ್ವಂತವಾಗಿ ಬರೆಯುವ ಅಗತ್ಯವಿರಲಿಲ್ಲ. ಅರ್ಜೆಂಟೀನಾದಲ್ಲಿ ತಯಾರಾದ, ಗುಂಡಿ ಒತ್ತಿದರೆ ಹುಳು ಸಿದ್ಧ ಮಾಡಿಕೊಡುವ ಸಲಕರಣೆ ಬಳಸಿದ್ದ. ಆತ ಕೆಲವೇ ದಿನಗಳಲ್ಲಿ ತಾನಾಗಿ ಪೊಲೀಸರ ಬಳಿ ಹೋದ. 150 ಗಂಟೆಗಳ ಸಮುದಾಯ ಸೇವೆಯ ಶಿಕ್ಷೆಯಾಯಿತು. ತನಿಖೆಯ ಇತಿಹಾಸಕ್ಕೆ ಮುಖ್ಯವಾದದ್ದು ಆ ಸ್ಕ್ರಿಪ್ಟ್‌ನ ಆಕಾರ. ಮೇಲ್ಭಾಗದಲ್ಲಿ 'ಎಕ್ಸಿಕ್ಯೂಟ್' ಎಂಬ ಒಂದು ಆದೇಶ, ಅದರ ಮುಂದೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು, ಕೆಳಗೆ ಆ ಅಕ್ಷರಗಳನ್ನು ಅದಲುಬದಲು ಮಾಡಿ ಮೂಲಕ್ಕೆ ತರುವ ಪುಟ್ಟ ಕ್ರಿಯೆ. ವಿಳಾಸಪುಸ್ತಕ, ಔಟ್‌ಲುಕ್, ರಿಜಿಸ್ಟ್ರಿ ಮುಂತಾದ ಪದಗಳನ್ನು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ.

ಆದರೆ ಬೀಗದ ಜೊತೆಗೇ ಬೀಗದಕೈಯನ್ನೂ ಕಳಿಸಿದಂತೆ ಆಗಿತ್ತು ಅದು. ಅಕ್ಷರಗಳನ್ನು ಬಿಡಿಸುವ ವಿಧಾನ ಅದೇ ಕಡತದಲ್ಲಿದೆ. ಹಾಗಾದರೆ ವಿಶ್ಲೇಷಕ ಆ ವಿಧಾನವನ್ನು ಕೈಯಿಂದ ಲೆಕ್ಕಹಾಕುತ್ತ ಕೂರಬೇಕಾಗಿಲ್ಲ. 'ಎಕ್ಸಿಕ್ಯೂಟ್' ಎಂಬ ಪದವನ್ನು ಅಳಿಸಿ, ಅಲ್ಲಿ 'ಕಡತಕ್ಕೆ ಬರೆ' ಎಂಬ ಆದೇಶ ಹಾಕಿದರೆ ಸಾಕು. ಸ್ಕ್ರಿಪ್ಟ್ ತಾನೇ ತನ್ನನ್ನು ಬಿಡಿಸಿಕೊಳ್ಳುತ್ತದೆ, ಓಡುವ ಬದಲು ಬರಹವಾಗಿ ಬಂದು ಬೀಳುತ್ತದೆ. ಇಂದಿನವರೆಗೆ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಅನೇಕ ಜಾಣ್ಮೆಗಳು ಈ ಒಂದು ಉಪಾಯದ ವಿಸ್ತರಣೆಗಳು. ಮೈಕ್ರೋಸಾಫ್ಟ್ ತಾನೇ ಒದಗಿಸಿದ್ದ 'ಸ್ಕ್ರಿಪ್ಟ್ ಎನ್‌ಕೋಡರ್' ಸಹ ಹೆಚ್ಚು ಕಾಲ ನಿಲ್ಲಲಿಲ್ಲ. ಮೂರು ಕೋಷ್ಟಕಗಳನ್ನು ಒಂದು ನಿಗದಿತ ಕ್ರಮದಲ್ಲಿ ಬಳಸಿ ಅಕ್ಷರಕ್ಕೆ ಬದಲಿ ಅಕ್ಷರ ಹಾಕುವ ಆ ವಿಧಾನದಲ್ಲಿ ಗುಟ್ಟಿನ ಕೀಲಿ ಎಂಬುದೇ ಇರಲಿಲ್ಲ. ಕೋಷ್ಟಕ ತಿಳಿದ ಮೇಲೆ ಎಲ್ಲವೂ ತೆರೆದಂತೆ.

ಈ ಹೊತ್ತಿಗೆ ಕಣ ಇಮೇಲ್‌ನಿಂದ ಬ್ರೌಸರ್‌ಗೆ ಸರಿಯುತ್ತಿತ್ತು. 2005ರ ಅಕ್ಟೋಬರ್ 4ರಂದು ಸ್ಯಾಮಿ ಕಾಮ್‌ಕಾರ್ ಎಂಬ ಅಮೆರಿಕನ್ ಹುಡುಗ ಮೈಸ್ಪೇಸ್ ಜಾಲತಾಣದ ತನ್ನ ಪುಟದಲ್ಲಿ ಜಾವಾಸ್ಕ್ರಿಪ್ಟ್ ತುಣುಕೊಂದನ್ನು ಇಟ್ಟ. ಆ ಪುಟ ನೋಡಿದವರೆಲ್ಲ ಅವನ ಸ್ನೇಹಿತರಾಗುತ್ತಿದ್ದರು, ತುಣುಕು ಅವರ ಪುಟಕ್ಕೂ ಅಂಟುತ್ತಿತ್ತು. ಒಂದು ದಿನ ಕಳೆಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿಬಿಟ್ಟರು. ಮೈಸ್ಪೇಸ್ 'ಜಾವಾಸ್ಕ್ರಿಪ್ಟ್' ಎಂಬ ಪದವನ್ನೇ ತಡೆಯುತ್ತಿತ್ತು. ಸ್ಯಾಮಿ ಆ ಪದದ ನಡುವೆ ಸಾಲು ಮುರಿದ, ಶೋಧಕಕ್ಕೆ ಅದು ಎರಡು ಪದವಾಯಿತು, ಬ್ರೌಸರ್‌ಗೆ ಒಂದೇ ಆಗಿ ಉಳಿಯಿತು. ತಡೆಯುವ ತಂತ್ರಾಂಶ ಓದುವ ರೀತಿ ಬೇರೆ, ಓಡಿಸುವ ತಂತ್ರಾಂಶ ಓದುವ ರೀತಿ ಬೇರೆ. ಈ ಎರಡರ ನಡುವಿನ ಬಿರುಕಿನಲ್ಲೇ ದುರುದ್ದೇಶದ ಸ್ಕ್ರಿಪ್ಟ್‌ಗಳು ಬದುಕುತ್ತವೆ ಎಂಬುದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ನಿಚ್ಚಳವಾಗಿ ಕಂಡಿತು.

ಹಣಕ್ಕಾಗಿ ಈ ಬಿರುಕನ್ನು ಬಳಸಿದವು ಎಂಪ್ಯಾಕ್, ಬ್ಲ್ಯಾಕ್‌ಹೋಲ್ ಮುಂತಾದ ದಾಳಿಯ ಕಿಟ್‌ಗಳು. ಸಾಮಾನ್ಯ ಜಾಲತಾಣದೊಳಗೆ ನುಸುಳಿಸಿದ ಒಂದು ಸಾಲಿನ ಜಾವಾಸ್ಕ್ರಿಪ್ಟ್, ನೋಡುಗರ ಬ್ರೌಸರನ್ನು ಗುಟ್ಟಾಗಿ ಬೇರೆ ಸರ್ವರ್‌ಗೆ ಒಯ್ಯುತ್ತಿತ್ತು. ಬರಹ ಸಂಖ್ಯೆಗಳಾಗಿ, ಸಂಖ್ಯೆಗಳು ಶೇಕಡಾ ಚಿಹ್ನೆಯ ಸಂಕೇತಗಳಾಗಿ, ಅವು ಮತ್ತೊಂದು ಕ್ರಿಯೆಯ ಒಳಗೆ ಸೇರಿ, ಕೊನೆಗೆ 'ಇವ್ಯಾಲ್' ಎಂಬ ಆದೇಶದ ಬಾಯಿಗೆ ಹೋಗುತ್ತಿದ್ದವು. ವಿಶ್ಲೇಷಕರು ಹಳೆಯ ಉಪಾಯದಂತೆ 'ಇವ್ಯಾಲ್' ತೆಗೆದು ಮುದ್ರಿಸುವ ಆದೇಶ ಹಾಕಿದರು. ಬರೆದವರು ಅದಕ್ಕೂ ಉತ್ತರ ಹುಡುಕಿದರು: ಬಿಡಿಸುವ ಕ್ರಿಯೆ ತನ್ನದೇ ಮೂಲಬರಹವನ್ನು ಕೀಲಿಯಾಗಿ ಬಳಸುವಂತೆ ಮಾಡಿದರು. ಒಂದು ಅಕ್ಷರ ತಿದ್ದಿದರೂ ಕೀಲಿ ಕೆಟ್ಟು ಹೊರಬರುವುದು ಬರೀ ಕಸ. ತಿದ್ದದೆ ಓದುವುದು ಹೇಗೆ? ಸ್ಕ್ರಿಪ್ಟನ್ನು ಮುಟ್ಟದೆ, ಅದನ್ನು ಓಡಿಸುವ ಯಂತ್ರವನ್ನೇ ತಿದ್ದುವುದು. ಬೆಲ್ಜಿಯಂನ ದಿದಿಯೆರ್ ಸ್ಟೀವನ್ಸ್ ಫೈರ್‌ಫಾಕ್ಸ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಸ್ಪೈಡರ್‌ಮಂಕಿಯನ್ನು ಮಾರ್ಪಡಿಸಿ, 'ಇವ್ಯಾಲ್'ಗೆ ಏನೇ ಬಂದರೂ ಅದು ಕಡತವೊಂದಕ್ಕೆ ಬರೆದುಕೊಳ್ಳುವಂತೆ ಮಾಡಿದರು. ಸ್ಕ್ರಿಪ್ಟ್ ಅಕ್ಷತವಾಗಿ ಉಳಿಯಿತು, ಕೀಲಿ ಸರಿಯಾಗಿ ಕೂತಿತು, ಒಳಗಿನ ಬರಹ ವಿಶ್ಲೇಷಕರ ಕೈಸೇರಿತು. ಈ ವಿದ್ಯೆಯಲ್ಲಿ ಇಷ್ಟು ಅಚ್ಚುಕಟ್ಟಾದ ಪರಿಹಾರಗಳು ಅಪರೂಪ.

ವರ್ಡ್ ಮತ್ತು ಎಕ್ಸೆಲ್ ಮ್ಯಾಕ್ರೊಗಳು ಕೆಲವು ವರ್ಷ ಹಿನ್ನೆಲೆಗೆ ಸರಿದಿದ್ದವು. 2010ರ ದಶಕದಲ್ಲಿ ಅವು ಮತ್ತೆ ಬಂದವು, ಈ ಬಾರಿ ದೇಶದೇಶಗಳ ನಡುವಿನ ಹಗೆತನದ ಆಯುಧವಾಗಿ. 2015ರ ಡಿಸೆಂಬರ್ 23ರಂದು ಉಕ್ರೇನ್‌ನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿಯಾಗಿ ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟು ಹೋಯಿತು. ತನಿಖೆ ಹಿಂದಕ್ಕೆ ಹೋಗುತ್ತ ಹೋದಂತೆ, ತಿಂಗಳುಗಳ ಮೊದಲೇ ನೌಕರರಿಗೆ ಬಂದಿದ್ದ ಆಫೀಸ್ ಕಡತಗಳು ಎದುರಾದವು. ದಾಳಿಯ ಹಿಂದಿದ್ದ ಗುಂಪು ಬಳಸಿದ ಎಕ್ಸೆಲ್ ಕಡತವೊಂದರ ಮ್ಯಾಕ್ರೊ ತೆರೆದರೆ ಪುಟಗಟ್ಟಲೆ ಸಂಖ್ಯೆಗಳು. ಒಂದೊಂದೂ ಸೊನ್ನೆಯಿಂದ 255ರ ಒಳಗಿನದು. ಆ ಸಂಖ್ಯೆಗಳನ್ನು ಒಂದರ ಹಿಂದೊಂದರಂತೆ ಬೈಟ್‌ಗಳಾಗಿ ಬರೆದರೆ ತಾತ್ಕಾಲಿಕ ಫೋಲ್ಡರ್‌ನಲ್ಲಿ ಒಂದು ಪೂರ್ಣ ಪ್ರೋಗ್ರಾಂ ಸಿದ್ಧವಾಗುತ್ತಿತ್ತು. ಬ್ಲ್ಯಾಕ್‌ಎನರ್ಜಿ ಎಂಬ ಕುತಂತ್ರಾಂಶ ಒಳಬಂದ ದಾರಿ ಅದು. ಇಂಥ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯದೆಯೇ ಮ್ಯಾಕ್ರೊವನ್ನು ಹೊರತೆಗೆಯಲು ಸ್ಟೀವನ್ಸ್ ಅವರ ಓಲೆಡಂಪ್, ಫಿಲಿಪ್ ಲಗಾದೆಕ್ ಅವರ ಓಲೆವಿಬಿಎ ಎಂಬ ಉಚಿತ ಸಲಕರಣೆಗಳಿವೆ. ಯಾವ ಆದೇಶ ಕಡತ ತೆರೆದೊಡನೆ ಓಡುತ್ತದೆ, ಯಾವುದು ಹೊರಗಿನ ಪ್ರೋಗ್ರಾಂ ಕರೆಯುತ್ತದೆ ಎಂಬುದನ್ನು ಓಲೆವಿಬಿಎ ಎತ್ತಿ ತೋರಿಸುತ್ತದೆ.

ಆ ದಶಕದಲ್ಲಿ ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಪವರ್‌ಶೆಲ್. ವಿಂಡೋಸ್ ಕಂಪ್ಯೂಟರುಗಳ ಆಡಳಿತಗಾರರಿಗೆಂದು 2006ರಲ್ಲಿ ಬಂದ ಈ ಸಲಕರಣೆಗೆ ಕಂಪ್ಯೂಟರಿನ ಮೂಲೆಮೂಲೆಯೂ ತೆರೆದಿದೆ. ದಾಳಿಕೋರ ಹೊಸ ಪ್ರೋಗ್ರಾಂ ತರಬೇಕಿಲ್ಲ, ಇದ್ದದ್ದನ್ನೇ ಬಳಸಬಹುದು. ಅಂತರ್ಜಾಲದಿಂದ ಬರಹವನ್ನು ತಂದು ಡಿಸ್ಕ್‌ಗೆ ಉಳಿಸದೆ ನೇರ ಮೆಮೊರಿಯಲ್ಲೇ ಓಡಿಸಬಹುದು. ಡಿಸ್ಕ್‌ನ ಪ್ರತಿ ತೆಗೆದು ಪರಿಶೀಲಿಸುವ ಸಾಂಪ್ರದಾಯಿಕ ತನಿಖೆಗೆ ಅಲ್ಲಿ ಕಡತವೇ ಸಿಗುವುದಿಲ್ಲ.

ಆದೇಶವನ್ನು ಬೇಸ್64 ಸಂಕೇತದಲ್ಲಿ ಕೊಡುವ ಸೌಲಭ್ಯವೂ ಪವರ್‌ಶೆಲ್‌ನಲ್ಲಿದೆ. ಬೇಸ್64 ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವ ಪದ್ಧತಿ. ಅದರಲ್ಲಿ ಗುಟ್ಟೇನೂ ಇಲ್ಲ, ನೋಡುವವರಿಗೆ ಅರ್ಥವಾಗದಿರುವುದಷ್ಟೆ ಲಾಭ. ಪಳಗಿದ ಕಣ್ಣಿಗೆ ಅದೂ ಓದಲು ಬರುತ್ತದೆ. ಪವರ್‌ಶೆಲ್ ಇಲ್ಲಿ ಪ್ರತಿ ಅಕ್ಷರಕ್ಕೂ ಎರಡು ಬೈಟ್ ಬಳಸುತ್ತದೆ, ಇಂಗ್ಲಿಷ್ ಅಕ್ಷರಗಳಲ್ಲಿ ಎರಡನೆಯದು ಸೊನ್ನೆ. ಚರಾಂಶದ ಹೆಸರುಗಳು ಡಾಲರ್ ಚಿಹ್ನೆಯಿಂದ ಶುರುವಾಗುತ್ತವೆ. ಡಾಲರ್ ಚಿಹ್ನೆ, ಸೊನ್ನೆ, ಮುಂದಿನ ಅಕ್ಷರ ಎಂಬ ಮೂರು ಬೈಟ್‌ಗಳನ್ನು ಬೇಸ್64ಕ್ಕೆ ತಂದರೆ ಮೊದಲ ಮೂರು ಅಕ್ಷರ ಯಾವಾಗಲೂ ಜೆ, ಎ, ಬಿ. ಸರ್ವರ್‌ಗಳ ದಾಖಲೆಯಲ್ಲಿ ಪವರ್‌ಶೆಲ್ ಹೆಸರಿನ ಮುಂದೆ ಈ ಮೂರಕ್ಷರಗಳಿಂದ ಶುರುವಾಗಿ ನಡುನಡುವೆ 'ಎ' ತುಂಬಿದ ಉದ್ದನೆಯ ಸಾಲು ಕಂಡರೆ, ಅನುಭವಿಗಳು ಅಲ್ಲಿಗೇ ನಿಂತು ನೋಡುತ್ತಾರೆ.

ಮೈಕ್ರೋಸಾಫ್ಟ್‌ನ ಉತ್ತರ 2015ರಲ್ಲಿ ವಿಂಡೋಸ್ 10ರೊಂದಿಗೆ ಬಂತು. ಸ್ಪೈಡರ್‌ಮಂಕಿಯಲ್ಲಿ ಮಾಡಿದ್ದ ಉಪಾಯವೇ ಈಗ ಕಾರ್ಯಾಚರಣ ವ್ಯವಸ್ಥೆಯ ಭಾಗವಾಯಿತು. ಎಎಂಎಸ್ಐ ಎಂಬ ವ್ಯವಸ್ಥೆಯಲ್ಲಿ ಪವರ್‌ಶೆಲ್, ವಿಬಿಸ್ಕ್ರಿಪ್ಟ್, ಜೆಸ್ಕ್ರಿಪ್ಟ್‌ಗಳು ಯಾವುದೇ ಬರಹವನ್ನು ಓಡಿಸುವ ಮುನ್ನ ವೈರಸ್ ವಿರೋಧಿ ತಂತ್ರಾಂಶಕ್ಕೆ ತೋರಿಸುತ್ತವೆ. ಎಲ್ಲ ಪದರ ಕಳಚಿ, ಓಡುವ ಅಂಚಿಗೆ ಬಂದ ಬರಹ ಅದು. ಪವರ್‌ಶೆಲ್‌ನ 5ನೆಯ ಆವೃತ್ತಿಯಿಂದ ಅದನ್ನು ದಾಖಲಿಸುವ ಸೌಲಭ್ಯವೂ ಸೇರಿತು; ವಿಂಡೋಸ್‌ನ ಘಟನಾ ದಾಖಲೆಯಲ್ಲಿ 4104 ಸಂಖ್ಯೆಯ ನಮೂದುಗಳಲ್ಲಿ ಅದು ಉಳಿಯುತ್ತದೆ. ಸೌಲಭ್ಯವನ್ನು ಯಾರೂ ಚಾಲೂ ಮಾಡದಿದ್ದರೂ ಅನುಮಾನಾಸ್ಪದ ಪದಗಳಿರುವ ತುಣುಕುಗಳನ್ನು ಪವರ್‌ಶೆಲ್ ತಾನಾಗಿ ಬರೆದಿಡುತ್ತದೆ. ದಾಳಿಕೋರ ಅಳಿಸದೆ ಬಿಟ್ಟ ಪಕ್ಷದಲ್ಲಿ ಆ ದಾಖಲೆ ತನಿಖಾಧಿಕಾರಿಗೆ ಬಿಡಿಸಿಟ್ಟ ಬರಹವನ್ನು ಸಿದ್ಧವಾಗಿ ಕೊಡುತ್ತದೆ. 2018ರಲ್ಲಿ ಎಎಂಎಸ್ಐ ಆಫೀಸ್ ಮ್ಯಾಕ್ರೊಗಳಿಗೂ ವಿಸ್ತರಿಸಿತು. ಆಗ ದಾಳಿಕೋರರು 1992ರಷ್ಟು ಹಳೆಯ ಎಕ್ಸೆಲ್ 4.0 ಮ್ಯಾಕ್ರೊ ಭಾಷೆಯನ್ನು ಹುಡುಕಿ ತೆಗೆದರು. 2021ರಲ್ಲಿ ಅದನ್ನೂ ಸೇರಿಸಬೇಕಾಯಿತು.

ಗೋಜಲು ಬರಹವನ್ನು ಬಿಡಿಸದೆಯೇ ಗುರುತಿಸಬಹುದೇ ಎಂಬ ಪ್ರಶ್ನೆಯನ್ನೂ ಕೆಲವರು ಎತ್ತಿಕೊಂಡರು. ಭದ್ರತಾ ಸಂಶೋಧಕ ಡೇನಿಯಲ್ ಬೊಹಾನನ್ 2016ರಲ್ಲಿ ಪವರ್‌ಶೆಲ್ ಆದೇಶಗಳನ್ನು ನೂರೆಂಟು ಬಗೆಯಲ್ಲಿ ಗೋಜಲು ಮಾಡುವ ಸಲಕರಣೆಯನ್ನು ಬಹಿರಂಗವಾಗಿ ಬಿಡುಗಡೆ ಮಾಡಿದರು. ಪದ ಹುಡುಕುವ ಪತ್ತೆವಿಧಾನ ಎಷ್ಟು ದುರ್ಬಲ ಎಂದು ರಕ್ಷಕರಿಗೆ ತೋರಿಸುವುದು ಅದರ ಗುರಿ. ಮರುವರ್ಷ ಪವರ್‌ಶೆಲ್ ತಂಡದ ಲೀ ಹೋಮ್ಸ್ ಜೊತೆಗೂಡಿ ಅದಕ್ಕೆ ಪ್ರತಿಯಾದ ಸಲಕರಣೆ ತಂದರು. ಮನುಷ್ಯರು ಸಹಜವಾಗಿ ಬರೆದ ಸ್ಕ್ರಿಪ್ಟ್‌ಗಳ ದೊಡ್ಡ ಸಂಗ್ರಹವನ್ನು ಮುಂದಿಟ್ಟುಕೊಂಡು, ಅಕ್ಷರಗಳ ಪ್ರಮಾಣದಲ್ಲಿ, ಚಿಹ್ನೆಗಳ ದಟ್ಟಣೆಯಲ್ಲಿ, ವಾಕ್ಯರಚನೆಯಲ್ಲಿ ಅಸಹಜವಾದದ್ದನ್ನು ಅದು ಲೆಕ್ಕಹಾಕಿ ಹೇಳುತ್ತದೆ. ಮುಚ್ಚಿಟ್ಟಿರುವ ರೀತಿಯೇ ಇಲ್ಲಿ ಸುಳಿವಾಯಿತು.

ಏನನ್ನೂ ಮುಚ್ಚದೆ ಬಂದ ಸ್ಕ್ರಿಪ್ಟ್‌ಗೆ ಈ ಯಾವ ವಿಧಾನವೂ ಉಪಯೋಗಕ್ಕೆ ಬಾರದು. 2018ರ ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ ಬ್ರಿಟಿಷ್ ಏರ್‌ವೇಸ್ ಜಾಲತಾಣದಲ್ಲಿ ಟಿಕೆಟ್ ಕೊಂಡವರ ಕಾರ್ಡ್ ವಿವರಗಳು ಕಳುವಾದವು. ಸುಮಾರು 3,80,000 ಪಾವತಿಗಳಿಗೆ ಧಕ್ಕೆಯಾಗಿದೆ ಎಂದು ಕಂಪನಿ ಮೊದಲು ತಿಳಿಸಿತು. ಕಾರಣವಾದದ್ದು 22 ಸಾಲಿನ ಜಾವಾಸ್ಕ್ರಿಪ್ಟ್. ಪಾವತಿಯ ಗುಂಡಿ ಒತ್ತಿದ ಕ್ಷಣ ಅರ್ಜಿಯಲ್ಲಿದ್ದ ವಿವರಗಳನ್ನು ಒಟ್ಟುಮಾಡಿ, ಕಂಪನಿಯದೇ ಎನಿಸುವಂಥ ಹೆಸರಿನ ಬೇರೊಂದು ಸರ್ವರ್‌ಗೆ ಅದು ಕಳಿಸುತ್ತಿತ್ತು. ರಿಸ್ಕ್‌ಐಕ್ಯೂ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಜಾಲತಾಣದ ಎಲ್ಲ ಸ್ಕ್ರಿಪ್ಟ್‌ಗಳ ಹಳೆಯ, ಹೊಸ ಪ್ರತಿಗಳನ್ನು ಹೋಲಿಸಿದರು. ಮಾಡರ್ನೈಜರ್ ಎಂಬ ಸಾಮಾನ್ಯ ಕಡತ 2012ರ ಡಿಸೆಂಬರ್‌ನಿಂದ ಬದಲಾಗಿರಲಿಲ್ಲ. ದಾಳಿ ಶುರುವಾದ ಆಗಸ್ಟ್ 21ರಂದೇ ಬದಲಾಗಿತ್ತು. ಅದರ ಕೊನೆಯಲ್ಲಿ ಆ 22 ಸಾಲುಗಳಿದ್ದವು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಕಂಪನಿಗೆ 2 ಕೋಟಿ ಪೌಂಡ್ ದಂಡ ಹಾಕಿತು.

ಬಿಡಿಸಿದ ಬರಹ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಬಿಡಿಸಿದ ಕ್ರಮವೂ ದಾಖಲಾಗಿರಬೇಕು. ಮೂಲ ಕಡತದ ಹ್ಯಾಷ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಅದನ್ನು ಹಾಗೆಯೇ ಬದಿಗಿಡುವುದು, ಪ್ರತಿಯ ಮೇಲೆ ಮಾತ್ರ, ಅದೂ ಜಾಲಸಂಪರ್ಕವಿಲ್ಲದ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು, ಪ್ರತಿ ಪದರ ಕಳಚಿದಾಗ ಹೊರಬಂದದ್ದನ್ನು ಬೇರೆ ಕಡತವಾಗಿ ಉಳಿಸಿ ಅದರ ಹ್ಯಾಷನ್ನೂ ಬರೆದಿಡುವುದು ರೂಢಿಯಾಗಿರುವುದು ಇದಕ್ಕಾಗಿ. ಬೇರೊಬ್ಬ ಪರಿಣತ ಅದೇ ಮೂಲದಿಂದ ಹೊರಟು ಅದೇ ಕೊನೆಗೆ ಬರುವಂತಿರಬೇಕು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಈ ರೂಢಿಗೆ ಕಾನೂನಿನ ಬಲ ಕೊಟ್ಟಿದೆ. ಡಿಜಿಟಲ್ ದಾಖಲೆಯೊಂದಿಗೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಷ್ ಮೌಲ್ಯವನ್ನೂ ಅದನ್ನು ಲೆಕ್ಕಹಾಕಿದ ವಿಧಾನವನ್ನೂ ನಮೂದಿಸಬೇಕು. ಠಾಣೆಯ ಮಹಜರಿನಲ್ಲಿ ಪೆನ್‌ಡ್ರೈವ್‌ನ ಬಣ್ಣ, ಕಂಪನಿ ಬರೆದು ಮುಗಿಸುವ ಕಾಲ ಹೋಯಿತು.

2022ರ ಜುಲೈನಿಂದ ಆಫೀಸ್ ತಂತ್ರಾಂಶ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿ ತಡೆಯುತ್ತಿದೆ. ಲವ್ ಲೆಟರ್‌ನ ಭಾಷೆಯಾಗಿದ್ದ ವಿಬಿಸ್ಕ್ರಿಪ್ಟನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ದಾಳಿಕೋರರು ಮೊದಲು ಶಾರ್ಟ್‌ಕಟ್ ಕಡತಗಳಿಗೆ, ಡಿಸ್ಕ್ ಪ್ರತಿಗಳಿಗೆ, ಒನ್‌ನೋಟ್ ಪುಟಗಳಿಗೆ ಸರಿದರು. 2024ರಿಂದ ಹೆಚ್ಚಾಗಿ ಕಾಣುತ್ತಿರುವುದು 'ಕ್ಲಿಕ್‌ಫಿಕ್ಸ್' ಎಂಬ ಮೋಸ. ನೀವು ಮನುಷ್ಯರೇ ಎಂದು ದೃಢಪಡಿಸಿ ಎನ್ನುವ ನಕಲಿ ಪುಟ, ಪವರ್‌ಶೆಲ್ ಆದೇಶವೊಂದನ್ನು ಗುಟ್ಟಾಗಿ ಕ್ಲಿಪ್‌ಬೋರ್ಡ್‌ಗೆ ಸೇರಿಸಿ, ವಿಂಡೋಸ್ ಕೀಲಿಯನ್ನೂ 'ಆರ್' ಅಕ್ಷರವನ್ನೂ ಒಟ್ಟಿಗೆ ಒತ್ತಿ, ಅಂಟಿಸಿ, ಎಂಟರ್ ಒತ್ತಿರಿ ಎಂದು ಹೇಳಿಕೊಡುತ್ತದೆ. ಲಗತ್ತೂ ಇಲ್ಲ, ಮ್ಯಾಕ್ರೊವೂ ಇಲ್ಲ. ಸ್ಕ್ರಿಪ್ಟನ್ನು ಓಡಿಸುವವರು ಬಳಕೆದಾರರೇ. ಆದರೆ 'ರನ್' ಪೆಟ್ಟಿಗೆಯಲ್ಲಿ ಹಾಕಿದ ಆದೇಶಗಳನ್ನು ವಿಂಡೋಸ್ ರಿಜಿಸ್ಟ್ರಿಯ 'ರನ್ಎಂಆರ್‌ಯು' ಕೀಲಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇಂಥ ದೂರು ಬಂದಾಗ ತನಿಖೆಗಾರರು ಮೊದಲು ತೆರೆಯುವ ಜಾಗಗಳಲ್ಲಿ ಅದೊಂದು. ಅಲ್ಲಿ ಸಿಕ್ಕ ಸಾಲನ್ನು 4104ರ ದಾಖಲೆಯೊಂದಿಗೆ, ಬ್ರೌಸರ್‌ನ ಇತಿಹಾಸದೊಂದಿಗೆ ಹೊತ್ತು ಹೊತ್ತಿಗೆ ತಾಳೆ ನೋಡಿ, ಯಾವ ಪುಟದಿಂದ ಯಾವ ಆದೇಶ ಬಂತು, ಅದು ಮುಂದೆ ಏನನ್ನು ಇಳಿಸಿಕೊಂಡಿತು ಎಂಬುದನ್ನು ಜೋಡಿಸುತ್ತಾರೆ.